ತಿಂಗಳ ಕಡೆಯ ವಾರದ ಅಡುಗೆ



ಸಂಬಳ ಬಂದ ದಿನ ಹಬ್ಬದ ಅಡುಗೆ ಮಾಡುವುದು ಯಾರಿಗೂ ಕಷ್ಟವಲ್ಲ. ಗೃಹಿಣಿಯ ಜಾಣ್ಮೆಗೆ ಪರೀಕ್ಷೆಯೊದಗುವುದು ತೊಗರಿಬೇಳೆಯ ಡಬ್ಬಿಯ ತಳ ಕಾಣುವ ತಿಂಗಳ ಕಡೆಯ ವಾರದಲ್ಲಿ. ಆಗ ಹಲವು ಮನೆಗಳಲ್ಲಿ ಅನುಸರಿಸುವ ಉಪಾಯವೊಂದುಂಟು: ಸಾರನ್ನು ತಿಳಿಮಾಡಿ, ಅನ್ನವನ್ನು ಹೆಚ್ಚಿಸುವುದು. ಇದರಿಂದ ಹೊಟ್ಟೆಯೇನೋ ತುಂಬುವುದು. ಆದರೆ ಸಂಜೆಯಾಗುವ ಮೊದಲೇ ಮಕ್ಕಳು ಮತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿರುವರು.

ನಾನು ಬೆಳೆದ ಮನೆಯಲ್ಲಿ ಉಣ್ಣುವವರು ಏಳು ಮಂದಿ, ಗಳಿಸುವವರು ಒಬ್ಬರು. ತಿಂಗಳ ಕಡೆಯಲ್ಲಿ ನಮ್ಮ ತಾಯಿಯವರಿಗೆ ಏಕೋ ಹಸಿವೇ ಆಗುತ್ತಿರಲಿಲ್ಲ. "ನನಗೆ ಇಷ್ಟು ಸಾಕು" ಎಂದು ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದ ಸಾರಿಗೆ ಎರಡು ತುತ್ತು ಅನ್ನ ಕಲೆಸಿಕೊಳ್ಳುತ್ತಿದ್ದರು. ಅದರ ಅರ್ಥ ನಮಗೆ ತಿಳಿದದ್ದು, ಅವರು ಒಂದು ದಿನ ನೀರು ಸೇದುತ್ತ ಕುಸಿದು ಬಿದ್ದು, ವೈದ್ಯರು ರಕ್ತಹೀನತೆಯೆಂದು ಹೇಳಿದಾಗ. ಇದು ನಮ್ಮ ಮನೆಯೊಂದರ ಸಂಗತಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತೆಂದು ಕಂಡುಬಂದಿತು. ಆದುದರಿಂದ ಅಗ್ಗದ ಅಡುಗೆಯ ಮಾತನ್ನು ಕೇವಲ ಲೆಕ್ಕಾಚಾರದ ಮಾತೆಂದು ತಾವು ಎಣಿಸಬಾರದು.

ಹಳೆಯ ಮೈಸೂರು ಸೀಮೆಯ ಒಕ್ಕಲ ಮನೆಗಳು ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿದ್ದುವು. ಆ ಪರಿಹಾರದ ಹೆಸರು ಬಸ್ಸಾರು. ಕಾಳನ್ನೂ ಸೊಪ್ಪನ್ನೂ ಕೂಡಿಸಿ ಬೇಯಿಸಿ, ನೀರನ್ನು ಬಸಿದು, ಆ ನೀರಿನಿಂದ ಸಾರನ್ನೂ ಉಳಿದ ಗಟ್ಟಿಯಿಂದ ಪಲ್ಯವನ್ನೂ ಮಾಡುವ ಕ್ರಮವಿದು. ಒಂದೇ ಒಲೆಯ ಉರಿಯಲ್ಲಿ, ಒಂದೇ ಪಾತ್ರೆಯಲ್ಲಿ ಎರಡು ವ್ಯಂಜನ. ಕಾಳುಸೊಪ್ಪುಗಳನ್ನು ಬೇಯಿಸುವಾಗ ಬಿ ಗುಂಪಿನ ಜೀವಸತ್ವಗಳೂ ಕೆಲವು ಲವಣಗಳೂ ನೀರಿಗಿಳಿಯುವುವು. ಬೇರೆ ಅಡುಗೆಗಳಲ್ಲಿ ಆ ನೀರು ಬಚ್ಚಲಿಗೆ ಹೋಗುವುದುಂಟು. ಇಲ್ಲಿ ಅದೇ ಸಾರಾಗಿ ಎಲೆಗೆ ಬರುವುದು. ಅನ್ನದ ಗಂಜಿಯನ್ನು ಬಸಿದು ಚೆಲ್ಲುವವರು ಇದನ್ನು ಸ್ವಲ್ಪ ಗಮನಿಸಬೇಕು.

ಐದು ಮಂದಿಯ ಸಂಸಾರಕ್ಕೆ 200 ಗ್ರಾಂ ಹುರಳಿಯನ್ನು ಹಿಂದಿನ ರಾತ್ರಿ ನೆನೆಯಹಾಕಿರಿ. ನೆನೆದ ಕಾಳು ಬೇಗ ಬೇಯುವುದರಿಂದ ಉರುವಲೂ ಉಳಿಯುವುದು. ಮೊಳಕೆ ಕಟ್ಟಿದರೆ ಇನ್ನೂ ಮೇಲು. ಬೆಳಗ್ಗೆ ಸಾಕಷ್ಟು ನೀರಿನಲ್ಲಿ ಕಾಳನ್ನು ಬೇಯಿಸಿ, ಮುಕ್ಕಾಲು ಭಾಗ ಬೆಂದ ಮೇಲೆ ಎರಡು ಕಟ್ಟು ದಂಟಿನ ಸೊಪ್ಪನ್ನು ಹೆಚ್ಚಿ ಹಾಕಬೇಕು. ಹುಣಿಸೆಹಣ್ಣನ್ನು ಮಾತ್ರ ಈಗಲೇ ಸೇರಿಸಬಾರದು. ಹುಳಿ ಬಿದ್ದರೆ ಕಾಳು ಮೆತ್ತಗಾಗದು. ಬೇಗ ಬೇಯಲೆಂದು ಅಡುಗೆ ಸೋಡ ಹಾಕುವ ಪದ್ಧತಿಯನ್ನೂ ಬಿಡುವುದು ಲೇಸು, ಏಕೆಂದರೆ ಅದು ಬಿ-1 ಜೀವಸತ್ವವನ್ನು ಕೆಡಿಸುವುದು. ಬೆಂದುದನ್ನು ಬಸಿದಿಟ್ಟುಕೊಂಡು, ಸುಟ್ಟ ಅಥವಾ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸಾರಿನ ಪುಡಿ, ಚೂರು ತೆಂಗಿನಕಾಯಿ, ಹುಣಿಸೆ ಇವುಗಳೊಂದಿಗೆ ಬೆಂದ ಕಾಳುಸೊಪ್ಪಿನ ಒಂದು ಹಿಡಿಯನ್ನು ನುಣ್ಣಗೆ ರುಬ್ಬಬೇಕು. ಆ ಒಂದು ಹಿಡಿಯೇ ಸಾರಿಗೆ ಮೈ ಕೊಡುವುದು. ತೆಂಗಿನಕಾಯಿ ದುಬಾರಿಯಾದಾಗ ಇದನ್ನು ಎರಡು ಹಿಡಿ ಮಾಡಿ ಕಾಯಿಯನ್ನು ಬಿಟ್ಟರೂ ನಡೆಯುವುದು. ರುಬ್ಬಿದುದನ್ನು ಬಸಿದ ಕಟ್ಟಿಗೆ ಕೂಡಿಸಿ ಕುದಿಸಿ ಒಗ್ಗರಣೆ ಕೊಟ್ಟರೆ ಸಾರಾಯಿತು. ಉಳಿದ ಗಟ್ಟಿಗೆ ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ ಬಿದ್ದರೆ ಪಲ್ಯವಾಯಿತು. ಉಪ್ಪೆಸರೂ ಇದರ ತಮ್ಮನೇ. ಅದರ ಖಾರದ ವಿಚಾರ ಬೇರೊಂದು ದಿನಕ್ಕಿರಲಿ.

ಹುರಳಿಯೆಂದೊಡನೆ ನಗರದ ಕೆಲವರು ಮೂಗು ಮುರಿಯುವುದನ್ನು ಬಲ್ಲೆ. ಕುದುರೆಯ ಮೇವಲ್ಲವೆ, ಎನ್ನುವರು. ಪಂದ್ಯದ ಕುದುರೆಗೆ ಸಲ್ಲುವ ಕಾಳು ಗುಮಾಸ್ತೆಯ ಮಕ್ಕಳಿಗೆ ಏಕೆ ಸಲ್ಲದೆಂಬುದು ನನಗಂತೂ ತಿಳಿಯದು. ಸಾಮಾನ್ಯವಾಗಿ ತೊಗರಿಬೇಳೆಗಿಂತ ಅಗ್ಗವಾಗಿ ದೊರೆಯುವ ಈ ಕಾಳಿನ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ, ಕಬ್ಬಿಣವೂ ಉಂಟು.

ಬಸ್ಸಾರಿನ ಜೊತೆಗಾರ ರಾಗಿಯ ಮುದ್ದೆ. ಈ ಜೊತೆ ಕೇವಲ ರುಚಿಯ ಜೊತೆಯಲ್ಲ. ಸಸಾರಜನಕದ ಘಟಕಗಳಲ್ಲಿ ಲೈಸಿನ್ ಎಂಬುದು ರಾಗಿಯಲ್ಲಿ ಕಡಮೆ, ಹುರಳಿಯಲ್ಲಿ ಧಾರಾಳ. ಮೆಥಿಯೊನಿನ್ ಎಂಬುದು ಹುರಳಿಯಲ್ಲಿ ಕಡಮೆ, ರಾಗಿಯಲ್ಲಿ ಉತ್ತಮ. ಒಂದರ ಕೊರತೆಯನ್ನು ಮತ್ತೊಂದು ತುಂಬುವುದು. 500 ಗ್ರಾಂ ರಾಗಿಹಿಟ್ಟಿನಿಂದ ಸುಮಾರು 35 ಗ್ರಾಂ, 200 ಗ್ರಾಂ ಹುರಳಿಯಿಂದ 44 ಗ್ರಾಂ, ಒಟ್ಟು 79 ಗ್ರಾಂ ಸಸಾರಜನಕವನ್ನು ಐವರಿಗೆ ಹಂಚಿದರೆ ತಲೆಗೆ ಸುಮಾರು 16 ಗ್ರಾಂ ಬರುವುದು. 55 ಕಿಲೋಗ್ರಾಂ ತೂಕದ ಸ್ತ್ರೀಗೆ ದಿನಕ್ಕೆ ಬೇಕಾದದ್ದು ಸುಮಾರು 46 ಗ್ರಾಂ. ಮೂರರಲ್ಲೊಂದು ಪಾಲು ಒಂದೇ ಊಟದಲ್ಲಿ ಸಂದಂತಾಯಿತು, ಹಾಲುಮೊಸರುಗಳ ಹಂಗಿಲ್ಲದೆ.

ಇಂತಹ ಲೆಕ್ಕಗಳಿಗೆ ನಮ್ಮ ದೇಶದಲ್ಲಿ ತಳಹದಿ ಹಾಕಿದವರಲ್ಲಿ ಕೂನೂರಿನ ಪೋಷಣ ಸಂಶೋಧನಾಲಯದ ಆಯ್ಕ್‌ರಾಯ್ಡ್ ಎಂಬವರು ಮುಖ್ಯರು; ಭಾರತೀಯ ಆಹಾರಗಳ ಪೋಷಕಾಂಶಗಳನ್ನು ಕುರಿತ ಅವರ ಕೈಪಿಡಿ 1937ರಲ್ಲಿ ಪ್ರಕಟವಾಯಿತು. ಆ ಸಂಶೋಧನಾಲಯವೇ 1958ರಲ್ಲಿ ಹೈದರಾಬಾದಿಗೆ ವರ್ಗವಾಗಿ, ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಮಾತ್ರ. ರಾಗಿಯಲ್ಲಿರುವ ಫೈಟಿಕ್ ಆಮ್ಲದಿಂದಾಗಿ ಇದೆಲ್ಲವೂ ದೇಹಕ್ಕೆ ದಕ್ಕದೆಂಬುದು ನಿಜ. ಆದರೆ ರಾಗಿಯನ್ನು ಮೊಳೆಯಿಸಿ, ಒಣಗಿಸಿ, ಹುರಿದು ಬೀಸಿದರೆ ಆ ಆಮ್ಲ ಕಡಮೆಯಾಗುವುದು. ಎಳೆಯ ಮಕ್ಕಳ ರಾಗಿ ಸರಿಗೆ ನಮ್ಮ ಅಜ್ಜಿಯರು ಹಿಡಿದ ಮಾರ್ಗ ಇದೇ.

ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಒಳ್ಳೆಯದೇ, ಆದರೆ ಅಂದದ ಪೊಟ್ಟಣದ ಹಿಟ್ಟಿಗೆ ಮಾರುಹೋದರೆ ಅಗ್ಗದ ಊಟವೆಂಬ ಮಾತಿಗೆ ಅರ್ಥವಿರದು. ಇಡಿರಾಗಿಯನ್ನು ಕೊಂಡು, ಹಸನುಮಾಡಿ, ಗಿರಣಿಯಲ್ಲಿ ಬೀಸಿಸಿಕೊಳ್ಳುವುದೇ ಸರಿ. ಮುದ್ದೆ ಬರದೆಂದು ಹೆದರುವವರು ಒಂದಳತೆ ಹಿಟ್ಟಿಗೆ ಎರಡಳತೆ ನೀರಿಟ್ಟು, ನೀರು ಮರಳುವಾಗ ಹಿಟ್ಟನ್ನು ನಡುವೆ ಗುಪ್ಪೆಯಾಗಿ ಸುರಿದು, ಕಲಕದೆ ಸ್ವಲ್ಪ ಹೊತ್ತು ಬೇಯಲು ಬಿಡಲಿ. ಆಮೇಲೆ ಕೋಲಿನಿಂದ ಗಂಟಿಲ್ಲದಂತೆ ತಿರುವಲಿ. ಮೊದಲ ಎರಡು ದಿನ ಗಂಟಾಗುವುದು. ಮನೆಯವರು ನಗಲಿ, ಚಿಂತೆಯಿಲ್ಲ.

ಬಡಿಸುವಾಗ ಪಲ್ಯದ ಮೇಲೆ ನಿಂಬೆಯ ಹೋಳನ್ನು ಹಿಂಡುವುದು ಒಳ್ಳೆಯದು. ಅದರ ಸಿ ಜೀವಸತ್ವವು ಕಾಳುಸೊಪ್ಪುಗಳ ಕಬ್ಬಿಣವು ರಕ್ತಕ್ಕೆ ಸೇರಲು ನೆರವಾಗುವುದು. ಊಟವಾದೊಡನೆ ಕುಡಿಯುವ ಕಾಫಿ ಇದಕ್ಕೆ ಅಡ್ಡಿ ಮಾಡುವುದು. ಮೈಸೂರಿನವರಿಗೆ ಕಾಫಿ ಬಿಡಿರೆನ್ನುವಷ್ಟು ಧೈರ್ಯ ನನಗಿಲ್ಲ. ಒಂದು ಗಂಟೆ ತಡೆಯಿರೆಂದಷ್ಟೇ ಕೇಳುವೆನು.

ಇನ್ನೊಂದು ಮಾತು, ಇದು ಗೃಹಸ್ಥರಿಗೆ. ಒಲೆಯಿಂದ ಪಾತ್ರೆಯನ್ನಿಳಿಸಿದೊಡನೆ, ಮೊದಲ ಎಲೆ ಹಾಕುವುದಕ್ಕೆ ಮುಂಚೆಯೇ, ಬಡಿಸುವಾಕೆಯ ಪಾಲಿನ ಮುದ್ದೆಯನ್ನೂ ಒಂದು ಬಟ್ಟಲು ಗಟ್ಟಿ ಪಲ್ಯವನ್ನೂ ತೆಗೆದು ಮುಚ್ಚಿಡಬೇಕು. ಈಗ ನಮ್ಮ ಮನೆಯಲ್ಲಿ ಈ ಕೆಲಸ ನನ್ನದು. ಅನಿರೀಕ್ಷಿತವಾಗಿ ಅತಿಥಿಗಳು ಬಂದರೆ ಸಾರಿಗೆ ನೀರು ಬೆರೆಯಬಹುದು, ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಇಡಬಹುದು. ಮುಚ್ಚಿಟ್ಟ ಆ ಬಟ್ಟಲಿಗೆ ಮಾತ್ರ ಕೈ ಹಾಕಕೂಡದು.