ರಂಗಭೂಮಿ ಮತ್ತು ನೃತ್ಯದಲ್ಲಿ ಪಿಎಚ್.ಡಿ.: ನಿಯಮ ಮತ್ತು ಪ್ರಯೋಗ

ಕನ್ನಡ ವಿಭಾಗಗಳಲ್ಲಿ ನಾಟಕದ ಅಧ್ಯಯನವು ಬಹುಮಟ್ಟಿಗೆ ಕೃತಿಕೇಂದ್ರಿತವಾಗಿಯೇ ನಡೆದುಬಂದಿದೆ. ಅಚ್ಚಾದ ನಾಟಕವನ್ನು ಕಾವ್ಯ, ಕಾದಂಬರಿಗಳಂತೆ ಓದಿ ವಿಶ್ಲೇಷಿಸುವುದು ಅದರ ವಿಧಾನ. ಆದರೆ ರಂಗಪ್ರಯೋಗ ಮತ್ತು ನೃತ್ಯಗಳು ಮುಗಿದೊಡನೆ ಕಣ್ಮರೆಯಾಗುವ ಕಲೆಗಳು. ಅವುಗಳ ಜ್ಞಾನವು ಕಲಾವಿದರ ದೇಹದಲ್ಲಿ, ಗುರುವಿನ ಪಾಠದಲ್ಲಿ, ಪ್ರೇಕ್ಷಕರ ನೆನಪಿನಲ್ಲಿ ಉಳಿದಿರುತ್ತದೆ. ಇಂತಹ ಜ್ಞಾನವನ್ನು ಮಹಾಪ್ರಬಂಧದ ರೂಪಕ್ಕೆ ತಂದು ಪದವಿ ಪಡೆಯಲು ಇರುವ ನಿಯಮಗಳಾವುವು, ಅವು ಈ ಕಲೆಗಳ ಸ್ವರೂಪಕ್ಕೆ ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಾವಳಿಯು ಎಲ್ಲ ವಿಷಯಗಳಿಗೂ ಸಮಾನವಾಗಿ ಅನ್ವಯಿಸುತ್ತದೆ. ಇದರಂತೆ ಶೇ. 55 ಅಂಕಗಳ ಸ್ನಾತಕೋತ್ತರ ಪದವಿ ಅಥವಾ ಶೇ. 75 ಅಂಕಗಳ ನಾಲ್ಕು ವರ್ಷದ ಸ್ನಾತಕ ಪದವಿ ಇರಬೇಕು. ಮೀಸಲಾತಿ ವರ್ಗಗಳಿಗೆ ಶೇ. 5ರ ರಿಯಾಯಿತಿ ಇದೆ. ಪ್ರವೇಶದ ನಂತರ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್ ವರ್ಕ್ ಪೂರೈಸಬೇಕು. ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ದೊರೆಯಬಹುದು. ಮಹಾಪ್ರಬಂಧವನ್ನು ಮಾರ್ಗದರ್ಶಕರಲ್ಲದೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಪರಿಶೀಲಿಸುತ್ತಾರೆ. ಕೊನೆಯಲ್ಲಿ ಮೌಖಿಕ ಪರೀಕ್ಷೆ ನಡೆಯುತ್ತದೆ. 2016ರ ನಿಯಮಾವಳಿಯಲ್ಲಿ ಕಡ್ಡಾಯವಾಗಿದ್ದ ಲೇಖನ ಪ್ರಕಟಣೆಯ ಷರತ್ತನ್ನು 2022ರಲ್ಲಿ ಕೈಬಿಡಲಾಯಿತು. ಅರೆಕಾಲಿಕ ಸಂಶೋಧನೆಗೂ ಅವಕಾಶವಿರುವುದು ಸೇವಾನಿರತ ಅಧ್ಯಾಪಕರಿಗೆ ಅನುಕೂಲಕರವಾಗಿದೆ.

ಈ ನಿಯಮಗಳ ಪರಿಣಾಮವನ್ನು ತಿಳಿಯಲು ಬೆಂಗಳೂರಿನ ದಂಡು ಪ್ರದೇಶ ಹಾಗೂ ಅದರ ಪೂರ್ವಭಾಗವನ್ನು ನಿದರ್ಶನವಾಗಿ ನೋಡಬಹುದು. 1947ರವರೆಗೆ ಬ್ರಿಟಿಷರ ಆಡಳಿತದಲ್ಲಿದ್ದ ದಂಡಿನಲ್ಲಿ ತಮಿಳು, ಉರ್ದು, ಇಂಗ್ಲಿಷ್ ಭಾಷಿಕರು ಗಣನೀಯ ಸಂಖ್ಯೆಯಲ್ಲಿದ್ದರು. 1960ರಲ್ಲಿ ಆರಂಭವಾದ ಬೆಂಗಳೂರು ಲಿಟ್ಲ್ ಥಿಯೇಟರ್ ನಗರದ ಇಂಗ್ಲಿಷ್ ರಂಗಭೂಮಿಗೆ ಸೇರಿದ್ದು. ಇನ್ನೊಂದೆಡೆ ಎಚ್.ಎ.ಎಲ್. (1940) ಮತ್ತು ಕೆ.ಆರ್. ಪುರದ ಬಳಿಯ ದೂರವಾಣಿನಗರದ ಐ.ಟಿ.ಐ. (1948) ಕಾರ್ಖಾನೆಗಳಿಂದಾಗಿ ಪೂರ್ವಭಾಗದಲ್ಲಿ ಕನ್ನಡ ಸಂಘಗಳು ಬೆಳೆದವು. ಇಂದಿರಾನಗರದ ಪುರಂದರ ಭವನದಂತಹ ಸಭಾಂಗಣಗಳು ಸಂಗೀತ, ನೃತ್ಯಗಳಿಗೆ ನೆಲೆ ಒದಗಿಸಿದವು. ಇಲ್ಲಿಯ ರಂಗಚರಿತ್ರೆಯನ್ನು ಬರೆಯಹೊರಡುವ ಸಂಶೋಧನಾರ್ಥಿಗೆ ಕನ್ನಡವೊಂದೇ ಸಾಲದು. ಆಕರಗಳೂ ಗ್ರಂಥಾಲಯಗಳಿಗಿಂತ ಹೆಚ್ಚಾಗಿ ಮನೆಗಳಲ್ಲಿರುವ ಕರಪತ್ರ, ಛಾಯಾಚಿತ್ರಗಳಲ್ಲಿ ಮತ್ತು ನಿವೃತ್ತ ಕಾರ್ಮಿಕ ಕಲಾವಿದರ ನೆನಪುಗಳಲ್ಲಿ ದೊರೆಯುವಂಥವು. ಇಂತಹ ವಕ್ತೃಗಳು ಆರು ವರ್ಷ ಕಾಯಲಾರರು. ಆದುದರಿಂದ ಕೋರ್ಸ್ ವರ್ಕ್ ಮುಗಿದ ಮೇಲೆ ಕ್ಷೇತ್ರಕಾರ್ಯ ಎಂಬ ವಾಡಿಕೆಯ ಕ್ರಮವನ್ನು ಇಲ್ಲಿ ಬದಲಿಸಿ, ಮೊದಲ ವರ್ಷವೇ ಸಂದರ್ಶನಗಳನ್ನು ಆರಂಭಿಸುವುದು ಉಚಿತ.

ಮಾರ್ಗದರ್ಶನದ ನಿಯಮವು ಇನ್ನೊಂದು ತೊಡಕನ್ನು ಒಡ್ಡುತ್ತದೆ. ಮಾರ್ಗದರ್ಶಕರು ಖಾಯಂ ಅಧ್ಯಾಪಕರಾಗಿರಬೇಕು, ಅವರಿಗೆ ಪಿಎಚ್.ಡಿ. ಪದವಿ ಹಾಗೂ ನಿಗದಿತ ಪ್ರಕಟಣೆಗಳು ಇರಬೇಕು. ಹಲಸೂರಿನ ಮನೆಯೊಂದರಲ್ಲಿ ನಾಲ್ಕು ದಶಕ ನೃತ್ಯ ಕಲಿಸಿದ ಗುರುವಿಗೆ ಪದವಿಯಿಲ್ಲದಿದ್ದರೆ, ಅವರು ವಕ್ತೃವಾಗಬಹುದೇ ಹೊರತು ಮಾರ್ಗದರ್ಶಕರಾಗಲಾರರು. ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗ, ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯಗಳಂತಹ ನೆಲೆಗಳಿದ್ದರೂ ಈ ನಿಯಮದಲ್ಲಿ ವ್ಯತ್ಯಾಸವಿಲ್ಲ.

ಪ್ರಯೋಗ ಮತ್ತು ಪಾಂಡಿತ್ಯಗಳು ಪರಸ್ಪರ ವಿರುದ್ಧವೆಂದು ಇದರಿಂದ ಭಾವಿಸಬೇಕಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಯು.ಎಸ್. ಕೃಷ್ಣರಾವ್ ಅವರು ಪತ್ನಿ ಚಂದ್ರಭಾಗಾದೇವಿಯವರೊಂದಿಗೆ ಭರತನಾಟ್ಯವನ್ನು ಪ್ರದರ್ಶಿಸಿದರು, ಕಲಿಸಿದರು. ಜೊತೆಗೆ ಆ ಕಲೆಯ ಪರಿಭಾಷೆಗೆ ನಿಘಂಟನ್ನೂ ರಚಿಸಿದರು. ದೇಹದ ಜ್ಞಾನವು ಬರಹಕ್ಕೆ ಒಗ್ಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಬ್ರಿಟನ್, ಆಸ್ಟ್ರೇಲಿಯಾಗಳ ಹಲವು ವಿಶ್ವವಿದ್ಯಾಲಯಗಳಲ್ಲಿ ಪ್ರಯೋಗವೇ ಸಂಶೋಧನೆಯ ಭಾಗವಾಗಿರುತ್ತದೆ. ಅದರೊಡನೆ ಕಿರಿದಾದ ಲಿಖಿತ ಪ್ರಬಂಧವನ್ನು ಸಲ್ಲಿಸಲಾಗುತ್ತದೆ. ನಮ್ಮ ನಿಯಮಾವಳಿಯ ಕೇಂದ್ರದಲ್ಲಿರುವುದು ಲಿಖಿತ ಮಹಾಪ್ರಬಂಧ. ಆದರೂ ಪ್ರಯೋಗದ ದೃಶ್ಯ ದಾಖಲೆ, ಸಂದರ್ಶನಗಳ ಧ್ವನಿಮುದ್ರಣಗಳನ್ನು ಅನುಬಂಧವಾಗಿ ಸೇರಿಸಿ, ಪರೀಕ್ಷಕರಲ್ಲಿ ಒಬ್ಬರಾದರೂ ಪ್ರದರ್ಶನ ಕಲೆ ಬಲ್ಲವರಾಗಿರುವಂತೆ ನೋಡಿಕೊಂಡರೆ, ಈಗಿನ ಚೌಕಟ್ಟಿನಲ್ಲಿಯೇ ಬಹಳಷ್ಟನ್ನು ಸಾಧಿಸಬಹುದು. ಪದವಿಯ ನಿಯಮಗಳನ್ನು ಪಾಲಿಸುವುದು ಸಂಶೋಧನಾರ್ಥಿಯ ಹೊಣೆ; ಪದವಿಯಿಲ್ಲದ ಕಲಾವಿದರನ್ನು ಬರಿಯ ಮಾಹಿತಿದಾರರೆಂದಲ್ಲದೆ ವಿದ್ವಾಂಸರೆಂದು ಪರಿಗಣಿಸುವುದು ವಿಭಾಗಗಳ ಹೊಣೆ.