ಗುಳ್ಳೆ ಎದ್ದ ಮೇಲೆ ಐದು ವರ್ಷ

ದಾವಣಗೆರೆಯಿಂದ ಎಂಎಸ್ಸಿ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಿದ್ದಾಳೆ: "ಬಿಸಿಲಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ವಿಷಯದಲ್ಲಿ ಪಿಎಚ್.ಡಿ. ಮಾಡಬೇಕೆಂದಿದ್ದೇನೆ ಸಾರ್. ಐದು ವರ್ಷದಲ್ಲಿ ಏನಾದರೂ ಕೈಗೆ ಹತ್ತೀತೇ?"

ಈ ವಿದ್ಯೆಗೆ ನಾಂದಿ ಹಾಡಿದವನೂ ಒಬ್ಬ ವಿದ್ಯಾರ್ಥಿಯೇ. 1967, ಟೋಕಿಯೊ ವಿಶ್ವವಿದ್ಯಾಲಯ. ಅಕಿರಾ ಫುಜಿಶಿಮಾಗೆ ಆಗ 25ರ ಆಸುಪಾಸು. ಮಾರ್ಗದರ್ಶಕರು ಕೆನಿಚಿ ಹೋಂಡಾ. ಟೈಟಾನಿಯಂ ಡೈಆಕ್ಸೈಡ್ ಎಂದರೆ ನಮ್ಮ ಗೋಡೆಯ ಬಿಳಿ ಪೇಂಟಿನಲ್ಲಿರುವ ವಸ್ತು. ಅದರ ಹರಳೊಂದನ್ನು ತಂತಿಯಿಂದ ಪ್ಲಾಟಿನಮ್‌ಗೆ ಜೋಡಿಸಿ, ಎರಡನ್ನೂ ದ್ರಾವಣದಲ್ಲಿ ಮುಳುಗಿಸಿ, ಹರಳಿನ ಮೇಲೆ ಕ್ಸೆನಾನ್ ದೀಪದ ಬೆಳಕು ಬಿಟ್ಟ. ಗುಳ್ಳೆಗಳೆದ್ದವು. ದೀಪ ಆರಿಸಿದರೆ ನಿಂತವು. ಹರಳಿನ ಬಳಿ ಆಮ್ಲಜನಕ, ಪ್ಲಾಟಿನಮ್ ಬಳಿ ಹೈಡ್ರೋಜನ್. ಸತುವಿನ ಆಕ್ಸೈಡಿನಂಥ ಹರಳುಗಳು ಇಂಥ ಬೆಳಕಿಗೆ ತಾವೇ ಕರಗುತ್ತವೆ, ಇದು ಸವೆಯಲಿಲ್ಲ. ಒಡೆಯುತ್ತಿದ್ದುದು ನೀರು!

ಹಿರಿಯರು ನಂಬಲಿಲ್ಲ. ವಿದ್ಯುತ್ತಿನಿಂದ ನೀರನ್ನು ಒಡೆಯಲು ಬೇಕಾದ್ದಕ್ಕಿಂತ ಅಷ್ಟು ಕಡಿಮೆ ವೋಲ್ಟೇಜಿಗೆ ನೀರಿನಿಂದ ಆಮ್ಲಜನಕ ಬರುವುದುಂಟೇ ಎಂದರು. 'ನೇಚರ್' ಪತ್ರಿಕೆಯಲ್ಲಿ ಲೇಖನ ಬಂದದ್ದು 1972ರಲ್ಲಿ. ಮರುವರ್ಷ ತೈಲ ಬಿಕ್ಕಟ್ಟು ಬಂತು ನೋಡಿ, ಎಲ್ಲರಿಗೂ ಈ ಗುಳ್ಳೆ ಕಂಡಿತು. 1974ರ ಹೊಸ ವರ್ಷದ ದಿನ 'ಅಸಾಹಿ' ಪತ್ರಿಕೆಯ ಮುಖಪುಟಕ್ಕೇ ಏರಿತು.

ಹರಳಿನೊಳಗೆ ನಡೆಯುವುದು ಏತದ ಕೆಲಸ. ಬೆಳಕು ಎಲೆಕ್ಟ್ರಾನನ್ನು ಬಾವಿಯಿಂದ ಮೇಲೆತ್ತುತ್ತದೆ. ಎತ್ತಿದ್ದನ್ನು ತಕ್ಷಣ ಕಾಲುವೆಗೆ ಸುರಿಯದಿದ್ದರೆ ಅದು ಬಾವಿಗೇ ವಾಪಸ್ಸು. ಟೈಟಾನಿಯಂ ಡೈಆಕ್ಸೈಡಿನದು ಆಳದ ಬಾವಿ, ಸುಮಾರು 3 ಎಲೆಕ್ಟ್ರಾನ್ ವೋಲ್ಟ್. ಅಲ್ಲಿಂದ ಎತ್ತುವ ಕಸುವು ಅತಿನೇರಳೆ ಕಿರಣಕ್ಕೆ ಮಾತ್ರ ಇದೆ. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ಐದೂ ಇಲ್ಲ. ಏತ ಗಟ್ಟಿ, ತುಳಿಯುವವರು ಕಡಿಮೆ.

ಹಾಗಾಗಿ, ಟೈಟಾನಿಯಂ ಡೈಆಕ್ಸೈಡಿನ ಒಂದು ಚದರ ಮೀಟರ್ ಹಾಳೆಯನ್ನು ಬೇಸಿಗೆಯ ಬಿಸಿಲಿಗೊಡ್ಡಿದಾಗ ದಿನಕ್ಕೆ ಸಿಕ್ಕಿದ್ದು ಸುಮಾರು 7 ಲೀಟರ್ ಹೈಡ್ರೋಜನ್, ದಕ್ಷತೆ ಶೇ. 0.3. ಏಳು ಲೀಟರ್ ಎಂದು ಹಿಗ್ಗಬೇಡಿ. ಒಂದಿಷ್ಟೂ ಶಾಖ ಪೋಲಾಗದಂತೆ ಉರಿಸಿದರೂ ಎರಡು ಲೋಟ ಕಾಫಿಯ ನೀರು ಕುದಿದೀತು, ಅಷ್ಟೇ. 'ನೀರಿನಿಂದ ಓಡುವ ಕಾರು' ಎಂಬ ಸುದ್ದಿ ಬಂದಾಗಲೆಲ್ಲ ನನಗೆ ಈ ಎರಡು ಲೋಟ ನೆನಪಾಗುತ್ತವೆ.

ಹಾಗಾದರೆ ಸೋತರೇ? ಅದೇ ರಾಸಾಯನಿಕ ಗುಣ 1990ರ ದಶಕದಿಂದೀಚೆಗೆ ತಾನೇ ಕೊಳೆ ಕಳೆದುಕೊಳ್ಳುವ ಟೈಲ್ಸ್, ಗಾಜುಗಳಾಗಿ ಮಾರುಕಟ್ಟೆಗೆ ಬಂತು. ಮೂರು ವರ್ಷಕ್ಕೆ ಲೆಕ್ಕ ಕೇಳುವ ಅಧಿಕಾರಿಗೆ 1970ರಲ್ಲಿ ಫುಜಿಶಿಮಾ ಏನು ತೋರಿಸಬಹುದಿತ್ತು? ನಾಲ್ಕು ಗುಳ್ಳೆ.

ಜಪಾನಿನಲ್ಲಿ ಈಗ 'ಸಕಿಗಕೆ' ಎಂಬ ಯೋಜನೆಯಿದೆ. ಮುಂದೆ ನಡೆಯುವವನು ಎಂದರ್ಥ. ಅದರ ಹಣ ದೊಡ್ಡ ತಂಡಕ್ಕಲ್ಲ, ಒಬ್ಬೊಬ್ಬ ಸಂಶೋಧಕರ ಸ್ವಂತ ಯೋಚನೆಗೆ. ನಮ್ಮಲ್ಲಿ ಫೆಲೋಶಿಪ್ ಹಣವೇ ತಿಂಗಳುಗಟ್ಟಲೆ ತಡವಾಗಿ ಬಂದು, ಹುಡುಗರು ಬಾಡಿಗೆಗೆ ಸಾಲ ಮಾಡುವುದುಂಟು.

ಆದ್ದರಿಂದ ತಂಗಿ, ಯಾವ ಲ್ಯಾಬಿಗೆ ಸೇರುವ ಮುಂಚೆಯೂ ಅಲ್ಲಿನ ಸೀನಿಯರ್‌ಗಳನ್ನು ಎರಡು ಮಾತು ಕೇಳು. ಫೆಲೋಶಿಪ್ ಸರಿಯಾಗಿ ಬರುತ್ತದೆಯೇ? ಗುಳ್ಳೆ ಏಳದ ದಿನ ಮೇಷ್ಟ್ರು ಏನನ್ನುತ್ತಾರೆ?