ನಿಮಗಿದು ಗೊತ್ತೇ? ದೊಡ್ಡ ಗಾಲಿ, ಸಣ್ಣ ಅಚ್ಚು

ಗಾಡಿಯ ಓಟಕ್ಕೆ ಹೆಚ್ಚು ಅಡ್ಡಿಯಾಗುವ ಒಂದು ಜಾಗ ಗಾಲಿಯ ನಡುವಿನ ತೂತು. ಅಚ್ಚು ಉಜ್ಜುವುದು ಅಲ್ಲೇ. ಅಚ್ಚಿಗಿಂತ ಗಾಲಿ ಎಷ್ಟು ಪಟ್ಟು ದೊಡ್ಡದೋ, ಆ ಉಜ್ಜಾಟದ ಹಿಡಿತ ಅಷ್ಟು ಪಟ್ಟು ಕಡಿಮೆ. ಐದಡಿ ಗಾಲಿಗೆ ಎರಡಿಂಚಿನ ಅಚ್ಚು ಹಾಕಿದರೆ 30 ಪಟ್ಟು. ಮಕ್ಕಳ ಮರದ ಕಾರಿಗೆ 30 ಮಿ.ಮೀ. ಗಾಲಿ, 2 ಮಿ.ಮೀ. ಮೊಳೆ ಹಾಕಿದರೆ 15 ಪಟ್ಟು.

ಖಾನಾಪುರದ ಕಾಡಿನ ದಿಂಡಿಗ ಗಾಡಿಯ ಅಚ್ಚಿಗೆ ಹೆಸರಾದ ಮರ. ಎಷ್ಟೇ ಗಟ್ಟಿಯಾದರೂ ಮರದ ಅಚ್ಚು ದಪ್ಪ ಇರಲೇಬೇಕು. ಕಬ್ಬಿಣದ ಅಚ್ಚು ಬಂದ ಮೇಲೆ ದಪ್ಪ ಇಳಿಯಿತು, ಎತ್ತುಗಳ ಹೆಗಲಿಗೂ ಹಗುರವಾಯಿತು.

ಎರಡು ಇಂಚಿನ ಕಲ್ಲು ಹತ್ತಿಸಲು ಐದಡಿ ಗಾಲಿಗೆ ಭಾರದ ಶೇ. 40ರಷ್ಟು ಎಳೆತ ಸಾಕು. ಎರಡೂವರೆ ಅಡಿ ಗಾಲಿಗೆ ಶೇ. 60ರ ಹತ್ತಿರ ಬೇಕು. ಕಬ್ಬು ಸಾಗಿಸುವ ಟೈರ್ ಗಾಡಿಯ ಗಾಲಿ ಚಿಕ್ಕದು ನಿಜ, ಆದರೆ ಅದರೊಳಗೆ ಬೇರಿಂಗ್ ಇದೆ, ಹೊರಗೆ ಗಾಳಿ ತುಂಬಿದ ರಬ್ಬರ್ ಇದೆ.

ಮರದ ಗಾಲಿಗೆ ಸುತ್ತುವ ಕಬ್ಬಿಣದ ಪಟ್ಟಿಯನ್ನು ಬೇಕೆಂದೇ ಗಾಲಿಗಿಂತ ತುಸು ಚಿಕ್ಕದಾಗಿ ಮಾಡುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಅದು ಕೆಂಪಗೆ ಕಾಯಬೇಕು. ಶಾಖ 500 ಡಿಗ್ರಿ ಏರಿದರೆ ಹದಿನೈದಡಿ ಸುತ್ತಳತೆಯ ಪಟ್ಟಿ ಸುಮಾರು ಒಂದು ಇಂಚು ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ ಗಾಲಿಗೆ ಕೂರಿಸಿ, ಸುತ್ತಿಗೆಯಿಂದ ಬಡಿದು, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯಬೇಕು. ಪಟ್ಟಿ ಕುಗ್ಗುತ್ತಾ ಒಂದೊಂದು ಅರೆಯನ್ನೂ ಬಿಗಿಯುತ್ತದೆ. ಒಂದೇ ಒಂದು ಮೊಳೆಯೂ ಇಲ್ಲದೆ ಇಷ್ಟು ಬಿಗಿ! ಬಡಿಗೇರರೂ ಕಂಬಾರರೂ ಸೇರಿ ಮಾಡುವ ಈ ಕೆಲಸಕ್ಕೆ ಯಾವ ಎಂಜಿನಿಯರನೂ ತಲೆಬಾಗಬೇಕು.

ಅಮೆರಿಕದ ಮಕ್ಕಳ ಮರದ ಕಾರುಗಳ ಓಟ 'ಪೈನ್‌ವುಡ್ ಡರ್ಬಿ' ಶುರುವಾದದ್ದು 1953ರಲ್ಲಿ, ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ. ಪೈನ್ ಮರದ ತುಂಡೇ ಕಾರು, ಮೊಳೆಯೇ ಅಚ್ಚು. ತೂಕ ಸಾಮಾನ್ಯವಾಗಿ 142 ಗ್ರಾಂ ಮೀರುವಂತಿಲ್ಲ.

ವೇಗ ಹಿಡಿಯುವಾಗ ಗಾಲಿಯ ಅಂಚಿನ ಒಂದು ಗ್ರಾಂ, ಗಾಡಿಯ ಮೈಮೇಲಿನ ಎರಡು ಗ್ರಾಂಗೆ ಸಮ. ಗಾಲಿ ಚಿಕ್ಕದಿರಲಿ, ದೊಡ್ಡದಿರಲಿ, ಈ ಲೆಕ್ಕ ಬದಲಾಗದು. ಬೆಳಗಾವಿ ಜಿಲ್ಲೆಯ ಜಾತ್ರೆಗಳ ಖಾಲಿ ಗಾಡಿ ಶರ್ಯತ್ತಿಗೂ ಇದೇ ಲೆಕ್ಕ: ಅಂಚು ಹಗುರವಿದ್ದಷ್ಟೂ ಒಳ್ಳೆಯದು. ಖಾನಾಪುರದ ಕುಂಬಾರರಿಗೆ ಬೇಕಿರುವುದು ಇದರ ತದ್ವಿರುದ್ಧ: ತಿಗರಿಯ ಅಂಚು ಭಾರವಿದ್ದಷ್ಟೂ ಅದು ಹೆಚ್ಚು ಹೊತ್ತು ತಿರುಗುತ್ತದೆ.

ಲೋಂಡಾ, ಖಾನಾಪುರ, ಬೆಳಗಾವಿ ಹಾದುಹೋಗುವ ರೈಲುಮಾರ್ಗ ಮೊದಲು ಮೀಟರ್‌ಗೇಜ್ ಆಗಿತ್ತು. ಹಳಿಗಳ ನಡುವಿನ ಅಂತರ 1,000 ಮಿ.ಮೀ.ನಿಂದ 1,676ಕ್ಕೆ ಏರಿದ್ದು 1990ರ ದಶಕದಲ್ಲಿ. ರೈಲಿನ ಅಚ್ಚು ಗಾಲಿಯ ಜೊತೆಗೇ ತಿರುಗುತ್ತದೆ, ಎತ್ತಿನ ಗಾಡಿಯದು ನಿಂತಲ್ಲೇ ಇರುತ್ತದೆ. ಯಲಹಂಕದಲ್ಲಿ 1984ರಿಂದ ರೈಲಿನ ಗಾಲಿ, ಅಚ್ಚು ಎರಡೂ ತಯಾರಾಗುತ್ತಿವೆ. ಅಲ್ಲಿ ಗಾಲಿಗಾಗಿ ಕರಗಿದ ಉಕ್ಕನ್ನು ಎರಕ ಹೊಯ್ಯುವುದು ಗ್ರಾಫೈಟ್ ಪಡಿಯಚ್ಚಿನೊಳಗೆ.

ಪೆನ್ಸಿಲ್ ಕಡ್ಡಿಯಲ್ಲೂ ಅದೇ ಗ್ರಾಫೈಟ್, ಜೇಡಿಮಣ್ಣಿನ ಜೊತೆ ಬೆರೆತಿರುತ್ತದೆ. ಶುದ್ಧ ಗ್ರಾಫೈಟ್ ಪುಡಿ ಸಿಕ್ಕರೆ ಮಕ್ಕಳ ಮರದ ಕಾರಿಗೆ ಅದೇ ಒಳ್ಳೆಯದು: ಎಣ್ಣೆಯಂತೆ ಧೂಳು ಹಿಡಿಯದು. ಮೊದಲು ಮೊಳೆಯನ್ನು ನಯವಾದ ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ. ತೂತು ಮೊಳೆಗಿಂತ ಕೂದಲೆಳೆಯಷ್ಟು ದೊಡ್ಡದಿರಲಿ. ಬಿಗಿಯಾದರೆ ಗಾಲಿ ಕಚ್ಚಿಕೊಳ್ಳುತ್ತದೆ, ಸಡಿಲಾದರೆ ಓಲಾಡುತ್ತಾ ಪಕ್ಕಕ್ಕೆ ಉಜ್ಜುತ್ತದೆ.